ಕಾಕಾ ಮತ್ತು ಅವರ ಬೈಜಾಂಟಿಯಮ್ ಮಂತ್ರಿ

ನಮ್ಮ ಕಾಕಾನ ಮಾತು ಕೇಳುತ್ತಾ ಕೊನೆಯವರೆಗೂ ಎಚ್ಚರವಾಗಿದ್ದವರು ಈ ಭೂಮಿಯ ಮೇಲೆ ಬಹಳ ಕಡಿಮೆ! ಹಿರಿಯರ ಬಗ್ಗೆ ಹೀಗೆಲ್ಲ ಹೇಳಬಹುದೇ ಅಂತ ಹುಬ್ಬು ಗಂಟಿಕ್ಕಬೇಡಿ. ಇದು ದೂರಲ್ಲ, ಅವರ ಸರ್ವಿಸ್ ರೆಕಾರ್ಡು. ಜನರನ್ನು ಮಲಗಿಸುವುದಕ್ಕೇ ಅವರಿಗೆ ಸಂಬಳ ಕೊಡುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅನಸ್ತೇಶಿಯಾ ಡಾಕ್ಟರಾಗಿದ್ದು, ಊರಿನ ಅರ್ಧ ಜನಕ್ಕೆ ಮತ್ತಿನ ಮದ್ದು ಕೊಟ್ಟು, ಅವರೆಲ್ಲ ಮತ್ತೆ ಎದ್ದು ಕೂತದ್ದನ್ನು ಕಣ್ಣಾರೆ ನೋಡಿ ರಿಟೈರ್ ಆದವರು.

ಅವರು ನನ್ನ ಗಂಡನ ಚಿಕ್ಕಪ್ಪ. ಧಾರವಾಡದ ಕಡೆಯವರಾದ್ದರಿಂದ ಕಾಕಾ, ಅವರ ಹೆಂಡತಿ ಕಾಕು. ನಾನು ಮೈಸೂರಿನವಳು. ಮದುವೆಯಾದ ಹೊಸತರಲ್ಲಿ ಕಾಕು ಅಂದರೆ ನನಗೆ ನಗು ಬರುತ್ತಿತ್ತು, ಈಗ ಅದೇ ಹೆಸರಿನಲ್ಲಿ ಅವರನ್ನು ಕರೆಯದಿದ್ದರೆ ಶನಿವಾರ ಪೂರ್ತಿಯಾಗುವುದಿಲ್ಲ. ನಾವಿರುವುದು ಕೊವೆಂಟ್ರಿಯಲ್ಲಿ, ಅವರಿರುವುದು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿ. ಅವರಿಗೆ ಮಕ್ಕಳಿಲ್ಲ. ನಾವೇ ಮಕ್ಕಳು ಅಂತ ಅವರು ಹೇಳುತ್ತಾರೆ, ಹಾಗಂತಲೇ ಬೈಯುತ್ತಾರೆ ಕೂಡ.

ಕಾಕಾ ಕೆಲಸ ಮಾಡುತ್ತಿದ್ದ ರೀತಿ ನಿಮಗೆ ಗೊತ್ತಾಗಬೇಕು. ಟೇಬಲ್ಲಿನ ಮೇಲೆ ರೋಗಿ ಹೆದರಿ ಮಲಗಿರುತ್ತಾನೆ. ಕಾಕಾ ಕೈಗೆ ಸೂಜಿ ಹಾಕುತ್ತಾ ಮೆಲ್ಲಗೆ ಕಥೆ ಶುರುಮಾಡುತ್ತಿದ್ದರು. ‘ನಮ್ಮೂರಲ್ಲಿ ಒಂದು ಎಮ್ಮೆ ಇತ್ತು. ಅದಕ್ಕೆ ಬೇರೆಯವರ ಮನೆ ಮದುವೆಗೆ ಹೋಗುವ ಚಟ. ಒಂದು ದಿನ ಏನಾಯ್ತಪ್ಪಾ ಅಂದರೆ...’ ಅಷ್ಟರಲ್ಲಿ ರೋಗಿ ನಗುನಗುತ್ತಲೇ ಗೊರಕೆ! ಎದ್ದ ಮೇಲೆ ಅವನಿಗೆ ಎಮ್ಮೆ ನೆನಪಿರುವುದಿಲ್ಲ. ಆ ಎಮ್ಮೆಯ ಗತಿ ಮುಂದೇನಾಯಿತು ಅಂತ ಬರ್ಮಿಂಗ್‌ಹ್ಯಾಮಿನಲ್ಲಿ ಯಾರಿಗೂ ಗೊತ್ತಿಲ್ಲ. ಒಮ್ಮೆ ನಾನು ಕೇಳಿಯೇಬಿಟ್ಟೆ. ಕಾಕಾ ತಲೆ ಕೆರೆದುಕೊಂಡರು.

‘ಅಲ್ಲಿ ತನಕ ಯಾರೂ ಎಚ್ಚರ ಇರತಿದ್ದಿಲ್ಲಲ್ಲ ಯವ್ವಾ. ಮುಂದಿಂದು ನಾನ ಮಾಡೇ ಇಲ್ಲ!’

ಈ ಚಾಳಿ ಮನೆಗೂ ಬಂದಿತ್ತು. ಮೂರು ಮಾತಾಡಿ ಗಪ್ಪನೆ ನಿಂತು, ಕೇಳುವವರ ಮುಖ ನೋಡಿ, ಉಸಿರಾಟ ಸರಿಯಾಗಿದೆಯೇ ಅಂತ ಗಮನಿಸಿ, ಎದ್ದು ಹೋಗಿಬಿಡುತ್ತಿದ್ದರು. ಉಳಿದ ಮಾತನ್ನು ಕಾಕು ಪೂರ್ತಿಮಾಡುತ್ತಿದ್ದರು. ಪೂರ್ತಿಮಾಡುವುದೆಂದರೇನು, ತಿದ್ದುತ್ತಿದ್ದರು!

‘ಇವತ್ತ ಬಸ್ಸಿನ್ಯಾಗ ಒಬ್ಬಾಕಿ ಕೆಂಪ ಕೋಟ ಹಾಕ್ಕೊಂಡು...’ ಅಂತ ಕಾಕಾ ಅಂದರೆ, ‘ಕೆಂಪ ಅಲ್ರಿ, ಕಂದು ಇರಬೇಕು. ನೀವು ಕಣ್ಣಿನ ಚಾಳೀಸ ಮನ್ಯಾಗ ಬಿಟ್ಟು ಹೋಗಿದ್ರಿ’ ಅಂತ ಕಾಕು. ಬಸ್ಸಿನಲ್ಲಿ ಕಾಕು ಇರಲೇ ಇಲ್ಲ, ಅದು ಬೇರೆ ಮಾತು. ಗಂಡ ಹೇಳಿದ್ದಕ್ಕೆ ‘ಅಲ್ಲ’ ಅನ್ನುವುದು ಕಾಕುವಿನ ಉಸಿರಾಟವೇ ಆಗಿತ್ತು. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಅಂದರೂ ‘ಈ ದೇಶದಾಗ ಅಂವ ಎಲ್ಲಿ ಹುಟ್ಟತಾನ?’ ಅನ್ನುತ್ತಿದ್ದರು.

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಕಾಕುವಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು. ಮಾತು ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಲೆ ಮೊದಲಿನಷ್ಟೇ ಚುರುಕು, ಆದರೆ ಬಾಯಿಂದ ಹೊರಬರುವುದು ಒಂದೇ ಶಬ್ದ: ‘ಹೌದ್ರಿ.’ ಚಹಾ ಬೇಕೇ? ಹೌದ್ರಿ. ಬೇಡವೇ? ಹೌದ್ರಿ. ಕಣ್ಣು ಬೇಡ ಅನ್ನುತ್ತಿರುತ್ತದೆ, ತುಟಿ ಮಾತ್ರ ಹೌದ್ರಿ! ತಾವಂದದ್ದು ತಮಗೇ ಕೇಳಿಸಿ ಕಾಕು ಎಡಗೈಯಿಂದ ಹಣೆ ಬಡಿದುಕೊಳ್ಳುತ್ತಿದ್ದರು.

ನೋಡಲು ಬಂದವರೊಬ್ಬರು ಕಾಕಾನ ಬೆನ್ನು ತಟ್ಟಿ, ‘ಗಂಡ ಅಂದದ್ದಕ್ಕೆಲ್ಲ ಹೌದು ಅನ್ನೋ ಹೆಂಡತಿ! ಎಷ್ಟು ಜನಕ್ಕೆ ಸಿಗ್ತಾಳೆ ಸಾರ್?’ ಅಂತ ತಮಾಷೆ ಮಾಡಿದರು. ಕಾಕಾ ನಗಲಿಲ್ಲ. ಅವರಿಗೆ ಚಹಾ ಕೂಡ ಕೇಳಲಿಲ್ಲ. ಧಾರವಾಡದವರು ಮನೆಗೆ ಬಂದವರಿಗೆ ಚಹಾ ಕೇಳಲಿಲ್ಲ ಅಂದರೆ ಎಷ್ಟು ಸಿಟ್ಟು ಬಂದಿರಬೇಕು, ನೀವೇ ಅಂದಾಜು ಮಾಡಿ!

ಆಗ ಬಂದಳು ಸ್ಪೀಚ್ ಥೆರಪಿಸ್ಟ್. ಲೀಡ್ಸ್ ಕಡೆಯ ಹುಡುಗಿ. ಅಲ್ಲಿಯವರ ರೂಢಿಯಂತೆ ಕಂಡಕಂಡವರನ್ನೆಲ್ಲ ‘ಲವ್’ ಅಂತ ಕರೆಯುತ್ತಾಳೆ. ಮೊದಲ ದಿನ ಬಾಗಿಲಲ್ಲೇ ಕಾಕಾನಿಗೆ ‘ಹಲೋ ಲವ್’ ಅಂದದ್ದಕ್ಕೆ ಕಾಕಾ ಎರಡು ಹೆಜ್ಜೆ ಹಿಂದೆ ಸರಿದು ಕಾಕುವಿನ ಕಡೆ ನೋಡಿದರು. ಕಾಕು ಗಟ್ಟಿಯಾಗಿ, ತುಂಬ ಸ್ಪಷ್ಟವಾಗಿ, ‘ಹೌದ್ರಿ!’ ಅಂದರು.

ಆ ಹುಡುಗಿ ಹೇಳಿದ್ದು ಇಷ್ಟು. ಮನೆಭಾಷೆಯಲ್ಲೇ ಮಾತಾಡಿ. ದಿನಾ ಮಾತಾಡಿ. ನಿಧಾನವಾಗಿ ಮಾತಾಡಿ, ನಡುನಡುವೆ ನಿಲ್ಲಿಸಿ ಅವರಿಗೆ ಜಾಗ ಬಿಡಿ. ಮುಖ್ಯವಾಗಿ, ಅವರಿಗೆ ನಡುವೆ ಬಾಯಿ ಹಾಕಲೇಬೇಕು ಅನ್ನಿಸುವಂಥದ್ದು ಏನಾದರೂ ಮಾತಾಡಿ.

ಯಾರಿಗೆ ಹೇಳುತ್ತಿದ್ದಾಳೆ ನೋಡಿ! ಒಂದು ಕಥೆಯನ್ನೂ ಮುಗಿಸಿ ಗೊತ್ತಿಲ್ಲದ ಮನುಷ್ಯನಿಗೆ! ಮೊದಲ ವಾರ ಕಾಕಾ ಊರ ಸುದ್ದಿಯನ್ನೆಲ್ಲ ಹೇಳಿದರು, ಅದು ಮುಗಿಯಿತು. ಎರಡನೆಯ ವಾರ ಕೌನ್ಸಿಲ್ ಟ್ಯಾಕ್ಸ್ ಏರಿದ್ದು, ಪಕ್ಕದ ಮನೆಯವನ ಬೇಲಿ, ಕಸದ ಡಬ್ಬಿ ಒಯ್ಯುವ ದಿನ ಬದಲಾದದ್ದು, ಅದೂ ಮುಗಿಯಿತು. ಮೂರನೆಯ ವಾರ ನಾನು ಹೋದಾಗ ಕಾಕಾ ವಾಷಿಂಗ್ ಮಷೀನಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ಕನ್ನಡಕ್ಕೆ ಅನುವಾದಿಸಿ ಹೇಳುತ್ತಿದ್ದರು. ಕಾಕು ನಿದ್ದೆ ಹೋಗಿದ್ದರು. ಹಳೆಯ ಕೈಗುಣ!

ಮಂತ್ರಿಗಳು ಈ ಮನೆಗೆ ಬಂದದ್ದು ಆಗ. ಬಂದದ್ದೂ ತಪ್ಪು ಬಾಗಿಲಿನಿಂದ.

ರೋಗಿಗಳನ್ನು ನೋಡಿಕೊಳ್ಳುವ ಮನೆಮಂದಿಗಾಗಿ ಒಂದು ಮೀಟಿಂಗ್ ಇದೆ ಅಂತ ಯಾರೋ ಹೇಳಿ, ಕಾಕಾ ಯೂನಿವರ್ಸಿಟಿ ಹತ್ತಿರದ ಒಂದು ಕಟ್ಟಡಕ್ಕೆ ಹೋದರು. ಎರಡು ಕೋಣೆ, ಎರಡರ ಬಾಗಿಲೂ ತೆರೆದಿತ್ತು. ಒಂದರೊಳಗೆ ಬಿಸ್ಕತ್ತಿನ ತಟ್ಟೆ ಕಂಡಿತು. ಕಾಕಾ ಅದರೊಳಗೆ ಹೋಗಿ ಕೂತರು. ವೇದಿಕೆಯಲ್ಲಿ ಒಬ್ಬ ಹೆಂಗಸು ಗಂಭೀರವಾಗಿ ಮಾತಾಡುತ್ತಿದ್ದಳು. ರೋಗಿ ಗಂಡಸು. ಮಧ್ಯವಯಸ್ಸು. ಮೊದಲು ಪಾದ ನೋವು, ಆಮೇಲೆ ಕೀಲುಕೀಲೂ ಊತ. ಬೆರಳು ಸೊಟ್ಟಗಾಗಿ ಮಡಚಲು ಬಾರದು. ಕುದುರೆಯ ಮೇಲೆ ಕೂತರೆ ಎರಡು ಕಡೆಯಿಂದ ಆಳುಗಳು ಹಿಡಿದಿರಬೇಕು. ಕಾಕಾ ಬಿಸ್ಕತ್ತು ಕೆಳಗಿಟ್ಟು ನೆಟ್ಟಗೆ ಕೂತರು. ಕೇಸ್ ಪ್ರೆಸೆಂಟೇಷನ್! ಎಷ್ಟು ವರ್ಷವಾಗಿತ್ತು ಇಂಥದ್ದು ಕೇಳಿ! ಕುದುರೆಯ ವಿಷಯ ಸ್ವಲ್ಪ ಇರುಸುಮುರುಸಾಯಿತಂತೆ, ಇರಲಿ, ಯಾರೋ ಶ್ರೀಮಂತ ರೋಗಿ ಇರಬೇಕು ಅಂದುಕೊಂಡರು. ಕೊನೆಗೆ ಪ್ರಶ್ನೆಗಳಿವೆಯೇ ಅಂದಾಗ ಮೊದಲು ಎದ್ದ ಕೈ ನಮ್ಮ ಕಾಕಾನದು.

‘ಯೂರಿಕ್ ಆಸಿಡ್ ಎಷ್ಟಿತ್ತು?’

ಸಭೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಬಹಳ ಮರ್ಯಾದೆಯಿಂದ, ಇವರು ಬೈಜಾಂಟಿಯಮ್ ಸಾಮ್ರಾಜ್ಯದ ಚಕ್ರವರ್ತಿ, ಈಗಿನ ಇಸ್ತಾನ್‌ಬುಲ್ ಇವರ ರಾಜಧಾನಿಯಾಗಿತ್ತು, ತೀರಿಕೊಂಡು ಹತ್ತಿರ ಹತ್ತಿರ ಸಾವಿರ ವರ್ಷವಾಯಿತು ಅಂದಳು. ಬೇರೆ ಯಾರಾದರೂ ಆಗಿದ್ದರೆ ಬಿಸ್ಕತ್ತು ಜೇಬಿಗಿಳಿಸಿ ಜಾಗ ಖಾಲಿ ಮಾಡುತ್ತಿದ್ದರು. ಕಾಕಾ ಬಿಡುತ್ತಾರೆಯೇ?

‘ಅದು ಸರಿ, ಆದರೆ ಇಷ್ಟು ಚೆನ್ನಾಗಿ ರೋಗಿಯ ಹಿಸ್ಟರಿ ಬರೆದುಕೊಂಡ ಡಾಕ್ಟರ್ ಯಾರು?’

ಡಾಕ್ಟರಲ್ಲ, ಮಂತ್ರಿ! ಆಸ್ಥಾನದ ದೊಡ್ಡ ವಿದ್ವಾಂಸ. ತತ್ತ್ವಶಾಸ್ತ್ರ, ಕಾನೂನು, ವೈದ್ಯ, ಜ್ಯೋತಿಷ್ಯ, ಯಾವುದನ್ನೂ ಓದದೆ ಬಿಟ್ಟವನಲ್ಲ. ಒಬ್ಬರಾದ ಮೇಲೆ ಒಬ್ಬರು ಚಕ್ರವರ್ತಿಗಳ ಪಕ್ಕದಲ್ಲೇ ಇದ್ದು, ಅವರ ರೋಗ, ರಾಜಕಾರಣ, ಹೆಂಡಿರು, ಹಟ ಎಲ್ಲವನ್ನೂ ನೋಡಿ ಬರೆದಿಟ್ಟವನು. ಕಾಕಾ ಮನೆಗೆ ಬಂದು ಇದನ್ನೆಲ್ಲ ಕಾಕುವಿಗೆ ಹೇಳಿದರು. ಮೂರು ಮಾತಿಗೆ ನಿಲ್ಲಿಸಿ, ಅಭ್ಯಾಸದಂತೆ ಎದ್ದು ಹೊರಟರು. ಕಾಕು ಎಡಗೈ ಚಾಚಿ ಅವರ ಸ್ವೆಟರಿನ ತುದಿ ಹಿಡಿದು ಎಳೆದು ಕೂರಿಸಿದರು. ಹುಬ್ಬು ಹಾರಿಸಿದರು. ಮುಂದೆ?

ಕಾಕಾನ ಜೀವಮಾನದಲ್ಲಿ ಯಾರೂ ಅವರಿಗೆ ‘ಮುಂದೆ?’ ಅಂದಿರಲಿಲ್ಲ! ಮುಂದಿನದು ಗೊತ್ತಿದ್ದರೆ ತಾನೇ? ಮರುದಿನವೇ ಪುಸ್ತಕಗಳು ಬಂದವು. ಗ್ರೀಕ್ ಕಲಿತು ಮೂಲದಲ್ಲೇ ಓದುತ್ತೇನೆ ಅಂತ ಒಂದು ತಿಂಗಳು ಅಕ್ಷರಮಾಲೆ ತಿದ್ದಿದರು. ಆಮೇಲೆ ಇಂಗ್ಲಿಷಿನಲ್ಲೇ ಓದಿ, ಧಾರವಾಡ ಕನ್ನಡದಲ್ಲಿ ಹೇಳುವುದು ಶುರುವಾಯಿತು. ದಿನಾ ಮಧ್ಯಾಹ್ನ ಊಟವಾದ ಮೇಲೆ.

ನಿಮಗೆ ಅನ್ನಿಸಬಹುದು, ಪಾಪ, ಕಾಯಿಲೆಯ ಹೆಂಗಸಿನ ತಲೆ ತಿನ್ನುತ್ತಾರಲ್ಲ ಅಂತ. ನೀವು ಆ ಅರಮನೆಯ ಸುದ್ದಿ ಕೇಳಿಲ್ಲ! ಬೇರೆಯವರು ತೀರ್ಥಯಾತ್ರೆಗೆ ಹೊರಡುವ ವಯಸ್ಸಿನಲ್ಲಿ ಮೂರನೆಯ ಮದುವೆಯಾದ ಮಹಾರಾಣಿ. ಆ ಮೂರನೆಯ ಗಂಡ ತನ್ನ ಪ್ರೇಯಸಿಯನ್ನೂ ಅರಮನೆಗೇ ಕರೆತಂದು ಕೂರಿಸಿದ, ಮಹಾರಾಣಿ ಏನೂ ಅನ್ನಲಿಲ್ಲ! ಸನ್ಯಾಸಿನಿಯಾಗಿದ್ದ ತಂಗಿಯನ್ನು ಮಠದಿಂದ ಎಳೆತಂದು ಅಕ್ಕನ ಪಕ್ಕದಲ್ಲೇ ಸಿಂಹಾಸನದ ಮೇಲೆ ಕೂರಿಸಿದರು ಬೇರೆ. ಯಾವ ಸೀರಿಯಲ್ಲು ಇದಕ್ಕೆ ಸಮ? ಕಾಕು ಟೀವಿ ಹಾಕುವುದನ್ನೇ ಬಿಟ್ಟರು. ಥೆರಪಿಗೆ ಬಂದ ಲೀಡ್ಸ್ ಹುಡುಗಿ ಹೊರಡುವ ಹೊತ್ತಾದರೂ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ‘ಆ ಪ್ರೇಯಸಿ ಕಥೆ ಏನಾಯ್ತು ಲವ್?’ ಅಂತ ಕಾಕಾನನ್ನು ಕೇಳುತ್ತಿದ್ದಳು.

ಆ ಮಹಾರಾಣಿಗೆ ಸುಗಂಧ ದ್ರವ್ಯ ತಯಾರಿಸುವ ಹುಚ್ಚು. ತನ್ನ ಕೋಣೆಯಲ್ಲೇ ಒಲೆ ಹೂಡಿ, ದೇಶದೇಶದ ಬೇರು, ಎಣ್ಣೆ ತರಿಸಿ, ದಾಸಿಯರ ಕೈಯಲ್ಲಿ ಕುದಿಸುತ್ತಿದ್ದಳಂತೆ. ಕಾಕಾ ಹೇಳಿದಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಕಾಕುವಿಗೆ ವಾಸನೆ ತೋರಿಸಬೇಕು ಅಂತ ದಾಲ್ಚಿನ್ನಿ, ಲವಂಗ, ಕರ್ಪೂರ, ಒಂದಿಷ್ಟು ಬಾದಾಮಿ ಎಣ್ಣೆ ಸೇರಿಸಿ ಒಲೆಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಮನೆಯ ಎಲ್ಲ ಸ್ಮೋಕ್ ಅಲಾರಂಗಳೂ ಒಟ್ಟಿಗೆ ಹಾಡತೊಡಗಿದವು. ಪಕ್ಕದ ಮನೆಯವನು, ಅದೇ ಬೇಲಿಯವನು, ಓಡಿಬಂದ. ಕಾಕಾ ಟವೆಲ್ ಬೀಸುತ್ತಾ ಅವನಿಗೆ ಬೈಜಾಂಟಿಯಮ್ ವಿವರಿಸಿದರು. ಪಾತ್ರೆಯ ತಳದ ಕರಿ ನನ್ನ ಪಾಲಿಗೆ ಬಂತು.

ಕಾಕಾ ಆ ಬೈಜಾಂಟಿಯಮ್ ವಿದ್ವಾಂಸನ ಹೆಸರು ಹೇಳುವುದೇ ಇಲ್ಲ. ಗಂಡನ ಹೆಸರು ಹೇಳದ ಹಳೆಯ ಕಾಲದ ಹೆಂಗಸರ ಹಾಗೆ, ‘ನಮ್ಮ ಮಂತ್ರಿಗಳು.’ ನಮ್ಮ ಮಂತ್ರಿಗಳು ಹಿಂಗಂದ್ರು, ನಮ್ಮ ಮಂತ್ರಿಗಳು ಹಂಗ ಬರದಾರ. ಇದರಿಂದ ಕೊವೆಂಟ್ರಿಯಲ್ಲಿ ಆದ ಅನಾಹುತ ಕೇಳಿ. ಯುಗಾದಿ ಹಬ್ಬಕ್ಕೆ ಕನ್ನಡದವರೆಲ್ಲ ಒಂದು ಕಮ್ಯುನಿಟಿ ಹಾಲಿನಲ್ಲಿ ಸೇರಿದ್ದೆವು. ಕಾಕಾನ ಪಕ್ಕ ಊಟಕ್ಕೆ ಕೂತಿದ್ದ ಒಬ್ಬರು, ದಾವಣಗೆರೆ ಕಡೆಯ ಎಂಜಿನಿಯರು, ‘ಮಂತ್ರಿಗಳು’ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಕುರ್ಚಿ ಹತ್ತಿರ ಎಳೆದುಕೊಂಡರು.

‘ಯಾವ ಖಾತೆ ಸಾರ್?’

‘ಯಾವ ಖಾತೆ ಅಂತ ಹೇಳಲಿ ರೀ? ಎಲ್ಲಾ ಅವರ ಕಡೇನ ಇತ್ತು.’

‘ಸರ್ಕಾರ ಬದಲಾದಾಗ?’

‘ಎಷ್ಟ ಸಲ ಬದಲಾದರೂ ಅವರು ಅಲ್ಲೇ. ಹೊಸಾ ಅರಸ ಬಂದ ಕೂಡಲೇ ಮೊದಲನೇ ಹೊಗಳಿಕಿ ಭಾಷಣ ಇವರದ!’

ಎಂಜಿನಿಯರಿಗೆ ಖಾತ್ರಿಯಾಗಿ ಹೋಯಿತು. ಇಷ್ಟು ಸ್ಪಷ್ಟ ಚಿತ್ರ ಬೇರೆ ಯಾರದಿರಲು ಸಾಧ್ಯ? ಕಾಕಾನ ಎಲೆಗೆ ಎರಡನೆಯ ಒಬ್ಬಟ್ಟು ಬಂತು, ತುಪ್ಪ ಬಂತು. ಆಮೇಲೆ ಮೆಲುದನಿಯಲ್ಲಿ ವಿಷಯ ಬಂತು. ಊರಿನಲ್ಲಿರುವ ಭಾಮೈದನ ವರ್ಗಾವಣೆ ಎಷ್ಟೋ ದಿನದಿಂದ ನಿಂತಿದೆ, ಮಂತ್ರಿಗಳಿಗೆ ಒಂದು ಮಾತು ಹೇಳಿದರೆ...

ಕಾಕಾ ಕೈ ತೊಳೆದುಕೊಂಡು, ಬಹಳ ವಿಷಾದದಿಂದ, ‘ಅವರು ತೀರಿಕೊಂಡು ಸಾವಿರ ವರ್ಷ ಆಗಲಿಕ್ಕೆ ಬಂತ್ರೀ’ ಅಂದರು.

ಎಂಜಿನಿಯರು ಒಂದು ಕ್ಷಣ ಯೋಚಿಸಿದರು. ‘ಹಾಗಾದರೆ ಅವರ ಪಿ.ಎ. ಯಾರಾದರೂ ಇದ್ದಾರಾ ಸಾರ್?’

ಕಾಕು ಕೇಳಿ ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. ಆದರೂ ಬಾಯಲ್ಲಿ ‘ಹೌದ್ರಿ, ಹೌದ್ರಿ.’

ಇಷ್ಟರಲ್ಲಿ ನನಗೂ ಆ ಮಂತ್ರಿಯ ಚಟ ಹತ್ತಿತ್ತು. ನಾನು ಕೊವೆಂಟ್ರಿಯಲ್ಲಿ ಹುಡುಗರಿಗೆ ಗಣಿತ ಕಲಿಸುವವಳು, ನನಗೂ ಚಕ್ರವರ್ತಿಗಳಿಗೂ ಏನು ಸಂಬಂಧ? ಆದರೂ ಲೈಬ್ರರಿಯಿಂದ ಪುಸ್ತಕ ತಂದು, ಕಾಕಾನಿಗಿಂತ ಮುಂದೆ ಹೋಗಿ ಓದತೊಡಗಿದೆ. ಎಂಥ ವಿಚಿತ್ರ ಮನುಷ್ಯ! ಬದುಕಿರುವ ಚಕ್ರವರ್ತಿಯನ್ನು ಸೂರ್ಯನಿಗೆ ಹೋಲಿಸಿ ಹೊಗಳುವುದು, ಅವನು ಸತ್ತ ಮೇಲೆ ಕೂತು ಅವನ ತಪ್ಪುಗಳನ್ನೆಲ್ಲ ಬಿಡಿಸಿ ಬರೆಯುವುದು. ತನ್ನ ವಿದ್ಯೆಯ ಬಗ್ಗೆ ತಾನೇ ಹೇಳಿಕೊಳ್ಳಲು ಒಂದಿಷ್ಟೂ ಸಂಕೋಚವಿಲ್ಲ.

‘ಇಂವ ಸರ್ಜನ್ ಆಗಬೇಕಿತ್ತು’ ಅಂದರು ಕಾಕಾ. ಅನಸ್ತೇಶಿಯಾದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಒಂದು ಸಲ ಅರಮನೆಯ ಗಾಳಿ ತಿರುಗಿತು ಅಂತ ಗೊತ್ತಾದ ಕೂಡಲೇ ಈ ಮಂತ್ರಿ ಸನ್ಯಾಸ ತಗೊಂಡು ಬೆಟ್ಟದ ಮಠಕ್ಕೆ ಹೋಗಿಬಿಟ್ಟನಂತೆ. ಅಲ್ಲಿ ಮನಸ್ಸು ನಿಲ್ಲದೆ ಕೆಲವೇ ತಿಂಗಳಿಗೆ ರಾಜಧಾನಿಗೆ ವಾಪಸ್ಸು. ಇದೇ ಸಮಯಕ್ಕೆ ಕೌನ್ಸಿಲ್ಲಿನವರು ಬಂದು, ಕಾಕಾನೇ ಸುಸ್ತಾಗಿದ್ದಾರೆ, ಅವರಿಗೂ ಎರಡು ದಿನ ವಿಶ್ರಾಂತಿ ಬೇಕು ಅಂದರು. ನಾವೆಲ್ಲ ಸೇರಿ ಡರ್ಬಿಶೈರಿನ ಗುಡ್ಡಗಳ ನಡುವೆ ಒಂದು ಶಾಂತವಾದ ಜಾಗ ಗೊತ್ತುಮಾಡಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟು, ಬೆಳಿಗ್ಗೆ ರೈಲು ಹತ್ತಿಸಿದೆವು. ಕಾಕುವಿನ ಜೊತೆ ನಾನುಳಿದೆ. ಸಂಜೆ ಚಹಾಕ್ಕೆ ನೀರಿಡುತ್ತಿದ್ದೇನೆ, ಬಾಗಿಲಲ್ಲಿ ಬೀಗದ ಸದ್ದು.

‘ಏನ್ ಕಾಕಾ, ಇಷ್ಟು ಬೇಗ!’

‘ನಮ್ಮ ಮಂತ್ರಿಗಳೂ ವಾಪಸ್ ಬಂದ್ರಲ್ಲ.’

‘ಅವರು ಕೆಲವು ತಿಂಗಳಾದರೂ ಇದ್ದರು!’

‘ಅವರ ಮಠದಾಗ ಸೂಪಿಗೆ ಉಪ್ಪ ಹಾಕತಿದ್ರು ಕಾಣಸ್ತೈತಿ’ ಅಂದವರೇ ಕೋಟು ಕೂಡ ಬಿಚ್ಚದೆ ಕಾಕುವಿನ ಪಕ್ಕ ಕೂತರು. ‘ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ನೋಡು?’ ಕಾಕು ಅವರ ಕೋಟಿನ ಗುಂಡಿ ಬಿಚ್ಚತೊಡಗಿದರು, ಎಡಗೈಯಿಂದ, ಒಂದೊಂದಾಗಿ.

ನನಗೂ ಕಾಕಾನಿಗೂ ಜಗಳವಾದದ್ದು ಕಣ್ಣು ಕೀಳುವ ಪ್ರಸಂಗದಲ್ಲಿ. ಒಬ್ಬ ಚಕ್ರವರ್ತಿಯ ಮೇಲೆ ಊರಿಗೆ ಊರೇ ದಂಗೆಯೆದ್ದು, ಅವನನ್ನು ಗುಡಿಯಿಂದ ಹೊರಗೆಳೆದು ಕಣ್ಣು ಕಿತ್ತರು. ನಮ್ಮ ಮಂತ್ರಿ ಅಲ್ಲೇ ಇದ್ದು ನೋಡಿದವನು. ಕಾಕಾ ಆ ಜಾಗಕ್ಕೆ ಬಂದು ಗಂಟಲು ಸರಿಮಾಡಿಕೊಂಡರು.

‘ಅಷ್ಟರಾಗ ಒಬ್ಬ ಡಾಕ್ಟರು ಓಡಿ ಬಂದ. ನಮ್ಮ ಕಡೆಯವನ ಹಂಗ ಕಾಣತಿದ್ದ. ಮೊದಲ ಮತ್ತು ಕೊಡತೇನಿ, ಆಮ್ಯಾಲೆ ಏನರ ಮಾಡಕೋರಿ ಅಂದ...’

‘ಕಾಕಾ! ಪುಸ್ತಕದಲ್ಲಿ ಅಂಥ ಡಾಕ್ಟರ್ ಯಾರೂ ಇಲ್ಲ!’

‘ಅಷ್ಟ ದೊಡ್ಡ ಊರು ಯವ್ವಾ, ಒಬ್ಬನರ ಇರದ ಇರತಾನೇನು?’ ಅಂತ ನನಗೆ ಹೇಳಿ ಕಾಕುವಿನ ಕಡೆ ತಿರುಗಿದರು. ‘ಏನಂತಿ? ಇದ್ದಿರಬೇಕಲ್ಲ?’

‘ಹೌದ್ರಿ’ ಅಂದರು ಕಾಕು.

ಕಾಕಾನ ಮುಖ ಇಳಿಯಿತು. ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತರು. ಲೋಟ ತೊಳೆಯುವ ನೆಪ ಮಾಡಿದರು, ಅದು ತೊಳೆದಿಟ್ಟ ಲೋಟವೇ.

‘ಇಷ್ಟ ದೊಡ್ಡ ಸುಳ್ಳ ಹೇಳಿದೆ, ಅದಕ್ಕೂ ಹೌದ್ರಿ ಅಂದ್ಲಲ್ಲ’ ಅಂದರು. ‘ನನಗ ಹೌದು ಅನ್ನಾಕಿ ಬ್ಯಾಡವಾ. ನನಗ ನನ್ನ ಹೆಂಡ್ತಿ ಬೇಕು.’

ನಾನು ಅವರ ಕೈಯಿಂದ ಲೋಟ ತಗೊಂಡು ಒರೆಸಿಟ್ಟೆ.

ಮರುವರ್ಷದ ಚಳಿಗಾಲ ಕಳೆಯುತ್ತಾ ಬಂದಾಗ ಲೀಡ್ಸ್ ಹುಡುಗಿ ಹೇಳಲಾರದೆ ಹೇಳಿದಳು. ಇಷ್ಟು ದಿನದಲ್ಲಿ ಹೊಸ ಶಬ್ದ ಒಂದೂ ಬಂದಿಲ್ಲ, ಮುಂದಿನ ರಿವ್ಯೂನಲ್ಲೂ ಹೀಗೇ ಇದ್ದರೆ ಅವಳು ಬರುವುದು ನಿಲ್ಲುತ್ತದೆ. ಅದು ಅವಳ ಕೈಯಲ್ಲಿಲ್ಲ. ಕಾಕಾ ಡಾಕ್ಟರಲ್ಲವೇ, ಇಂಥ ಮಾತನ್ನು ಎಷ್ಟು ಜನಕ್ಕೆ ಅವರೂ ಹೇಳಿದ್ದಾರೋ! ವಾದ ಮಾಡದೆ ತಲೆಯಾಡಿಸಿದರು. ಕಾಕು ಕೇಳಿಸಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಎಷ್ಟು ಹೆದರಿಕೆಯಾಯಿತೆಂದರೆ ಕೊವೆಂಟ್ರಿಗೆ ಕಾರು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ರೇಡಿಯೋ ಕೂಡ ಹಾಕಲಿಲ್ಲ.

ಆ ದಿನಗಳಲ್ಲೇ ಕಥೆಯೊಳಗೆ ಮಂತ್ರಿಯ ಮಗಳು ಬಂದಳು. ಮಂತ್ರಿಗೊಬ್ಬಳು ಪುಟ್ಟ ಮಗಳಿದ್ದಳು, ಅವಳ ಬಗ್ಗೆ ಆತ ಪ್ರತ್ಯೇಕವಾಗಿ ಬರೆದಿದ್ದಾನೆ. ಚೂಟಿ ಹುಡುಗಿ. ಓದು, ಕಸೂತಿ, ದೇವರ ಪೂಜೆ, ಅಪ್ಪ ಬಂದರೆ ಓಡಿಬಂದು ಕೊರಳಿಗೆ ಜೋತುಬೀಳುವುದು. ಕಾಕುವಿಗೆ ಚಕ್ರವರ್ತಿ, ಮಹಾರಾಣಿ ಎಲ್ಲ ಮರೆತುಹೋದರು. ಹುಡುಗಿಯ ಮಾತೇ ಬೇಕು. ಕಾಕಾ ಅವಳಿಗೆ ಕನ್ನಡ ಹುಡುಗಿಯರ ಆಟವನ್ನೆಲ್ಲ ಕಲಿಸಿದರು, ಕುಂಟಾಬಿಲ್ಲೆ ಆಡಿಸಿದರು, ಎರಡು ಜಡೆ ಹಾಕಿಸಿದರು. ವಾರ ಕಳೆದು ವಾರ ಬಂದರೂ ಹುಡುಗಿ ಎಂಟು ವರ್ಷದಲ್ಲೇ ನಿಂತಿದ್ದಳು. ಯಾಕೆ ಅಂತ ನನಗೆ ಗೊತ್ತಿತ್ತು. ನಾನು ಮುಂದೆ ಓದಿದ್ದೆ. ಆ ಮಗು ಬದುಕಲಿಲ್ಲ. ಮೈಮೇಲೆಲ್ಲ ಗುಳ್ಳೆ ಎದ್ದು ಜ್ವರದಲ್ಲಿ ತೀರಿಕೊಂಡಿತು. ಆತ ಬರೆದದ್ದೇ ಅವಳನ್ನು ಕಳಕೊಂಡ ದುಃಖದಲ್ಲಿ.

ಆ ಶನಿವಾರ ನಾನು ಮಂಡಕ್ಕಿಯ ಸೂಸಲ ಮಾಡಿ ತಟ್ಟೆಗೆ ಹಾಕುತ್ತಿದ್ದೆ. ಕಾಕು ಹುಬ್ಬು ಹಾರಿಸಿದರು. ಮುಂದೆ? ಕಾಕಾ ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು. ನಾನು ಚಮಚ ಹುಡುಕತೊಡಗಿದೆ.

‘ಮುಂದೇನು, ಹುಡುಗಿ ದೊಡ್ಡಾಕಿ ಆದ್ಲು’ ಅಂದರು ಕಾಕಾ, ಗಡಿಬಿಡಿಯಿಂದ. ‘ಚಲೋ ವರ ಸಿಕ್ಕ. ಡಾಕ್ಟರ್ ಹುಡುಗ. ಅರಮನಿ ಅಂಗಳದಾಗ ಹಂದರ ಹಾಕಿ ಲಗ್ನಾ ಮಾಡಿದ್ರು. ಹೋಳಿಗಿ, ಮಂಡಿಗಿ, ಎಣ್ಣೆಗಾಯಿ ಪಲ್ಯ, ಊರಿಗೆಲ್ಲಾ ಊಟ. ಆಮ್ಯಾಲೆ ಅಕಿಗೆ ಎರಡ ಮಕ್ಕಳು. ಮಂತ್ರಿಗಳು ಮೊಮ್ಮಕ್ಕಳ ಕೂಡ ಆಡಕೋತ, ಭಾಳ ವರ್ಷ ಬಾಳಿ...’

ಕಣ್ಣು ಕೀಳುವ ಕಥೆಗೆ ಡಾಕ್ಟರನನ್ನು ತಂದು ಕಾಕುವನ್ನು ಪರೀಕ್ಷೆ ಮಾಡಿದ್ದರಲ್ಲ, ಹಾಗಿರಲಿಲ್ಲ ಇದು. ಇದು ಹೆದರಿ ಹೇಳಿದ ಸುಳ್ಳು.

‘ಸುಳ್ಳ.’

ನಾನು ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಟೀವಿ ಹಾಕಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

‘ಏನಂದಿ?’ ಅಂದರು ಕಾಕಾ.

‘ಸು... ಸುಳ್ಳ!’

‘ಇನ್ನೊಮ್ಮೆ ಅನ್ನು! ಯವ್ವಾ, ಕೇಳಿದೇನು? ನನಗ ಸುಳ್ಳ ಅಂದ್ಲು! ನಾ ಹೇಳಿದ್ದಕ್ಕ ಸುಳ್ಳ ಅಂದ್ಲು!’ ಕಾಕಾ ಎದ್ದು ನಿಂತಲ್ಲೇ ಸುತ್ತಿದರು. ನಾನು ಅಳುತ್ತಾ ನಗುತ್ತಾ ಫೋನು ಹುಡುಕುತ್ತಿದ್ದೆ, ಗಂಡನಿಗೆ ಹೇಳಬೇಕು, ಲೀಡ್ಸ್ ಹುಡುಗಿಗೆ ಹೇಳಬೇಕು, ಆ ಬೇಲಿಯವನಿಗೂ ಹೇಳಿಬಿಡಬೇಕು! ಸೂಸಲವೆಲ್ಲ ಕಾರ್ಪೆಟ್ಟಿನ ಮೇಲೆ ಚೆಲ್ಲಿತ್ತು.

ಕಾಕು ಮಾತ್ರ ನಗಲಿಲ್ಲ. ಎಡಗೈಯಿಂದ ಕುರ್ಚಿಯ ಕೈ ಬಡಿದರು. ನಮ್ಮ ಸಂಭ್ರಮ ಅವರಿಗೆ ಬೇಕಿರಲಿಲ್ಲ. ತಾವು ಮಾತಾಡಿದ್ದೂ ಅವರಿಗೆ ಲೆಕ್ಕಕ್ಕಿರಲಿಲ್ಲ. ಹುಡುಗಿಗೆ ಏನಾಯಿತು ಅಂತ ಗೊತ್ತಾಗಬೇಕಿತ್ತು.

ಕಾಕಾ ಕೂತರು. ಕಾಕುವಿನ ಸೋತ ಬಲಗೈಯನ್ನು ತಮ್ಮ ಎರಡೂ ಕೈಯೊಳಗೆ ತಗೊಂಡು, ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಜ್ವರ ಬಂದದ್ದು, ಗುಳ್ಳೆ ಎದ್ದದ್ದು, ಅಷ್ಟೆಲ್ಲ ಓದಿದ ಅಪ್ಪ ಮಂಚದ ಪಕ್ಕ ಕೂತು ಏನೂ ಮಾಡಲಾರದೆ ನೋಡುತ್ತಿದ್ದದ್ದು, ಮಗು ಹೋದದ್ದು. ಎಲ್ಲೂ ನಿಲ್ಲಿಸಲಿಲ್ಲ. ಕೊನೆಯವರೆಗೂ ಹೇಳಿದರು.

ಕಾಕುವಿನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ತುಟಿ ಅಲುಗಿತು. ಬರುತ್ತಿದ್ದ ‘ಹೌ...’ ಅನ್ನು ತಡೆದು ನುಂಗಿ, ಕಣ್ಣು ಬಿಗಿಯಾಗಿ ಮುಚ್ಚಿ, ಬೇರೆ ಶಬ್ದವೊಂದನ್ನು ಎಲ್ಲಿಂದಲೋ ಎಳೆದು ತಂದರು.

‘ಅವ್ವ?’

ಕಾಕಾನಿಗೆ ಅರ್ಥವಾಗಲಿಲ್ಲ. ನನಗಾಯಿತು. ‘ಆ ಹುಡುಗಿಯ ತಾಯಿ, ಕಾಕಾ. ಅವಳ ತಾಯಿಗೇನಾಯಿತು ಅಂತ ಕೇಳ್ತಿದ್ದಾರೆ.’

ಕಾಕಾ ಕಾಕುವಿನ ಕಡೆ ತಿರುಗಿದರು. ‘ಅಲ್ಲೇ ಮಗ್ಗಲದಾಗ ಇದ್ಲು. ಅಕಿನೂ ಅತ್ತಳು ಅಂತ ಬರದಾರ. ಆಮ್ಯಾಲೆ... ಆಮ್ಯಾಲೆ ಅಕಿ ಹ್ಯಾಂಗ ಇದ್ಲು ಅಂತ ನಾ ನೋಡೇ ಇಲ್ಲ. ನಾ ಬರೇ ಅವನ ಬಗ್ಗೆ ಓದಕೋತ ಹೋದೆ.’

‘ನೋ... ನೋಡ್ರಿ’ ಅಂದರು ಕಾಕು.

‘ನೋಡತೇನಿ. ಈಗ ನೋಡತೇನಿ’ ಅಂತ ಕಾಕಾ ಎದ್ದು ಪುಸ್ತಕದ ಕಪಾಟಿನ ಹತ್ತಿರ ಹೋದರು. ನಮಗೆ ಬೆನ್ನು ಹಾಕಿ ನಿಂತರು. ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು.

‘ಕಾಕಾ, ಆ ಪುಸ್ತಕ ಇಲ್ಲೇ ಟೇಬಲ್ ಮೇಲಿದೆ’ ಅಂದೆ.

‘ಗೊತ್ತೈತವಾ’ ಅಂದರು ಕಾಕಾ, ತಿರುಗಲಿಲ್ಲ.